ನೀರಿನ ಗಿಡಗಳ ಕುಲವೂ ಹೂವಿನ ಸಾಕ್ಷಿಯೂ

ತಾವರೆಯನ್ನೂ ನೈದಿಲೆಯನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವುದು ನಮ್ಮ ಕವಿಗಳಲ್ಲಿ ಬಹುಕಾಲದಿಂದ ಬಂದ ವಾಡಿಕೆ. ತಾವರೆಗೆ ಸೂರ್ಯನು ಗೆಳೆಯ, ನೈದಿಲೆಗೆ ಚಂದ್ರನು ಗೆಳೆಯ; ಒಂದು ಹಗಲಿನಲ್ಲಿ ಅರಳುವುದು, ಇನ್ನೊಂದು ಇರುಳಿನಲ್ಲಿ ಅರಳುವುದು; ಭೇದವಿಷ್ಟೆ, ಮಿಕ್ಕಂತೆ ಎರಡೂ ಅಕ್ಕತಂಗಿಯರು ಎಂಬುದು ಕವಿಸಮಯ. ಕವಿಗಳು ಹಾಗೆ ಹೇಳಿದರೆ ಯಾರೂ ತಪ್ಪೆಣಿಸರು. ಆದರೆ ಸಸ್ಯಶಾಸ್ತ್ರಜ್ಞರಲ್ಲಿಯೂ ಬಹುಮಂದಿ ಸುಮಾರು ಇನ್ನೂರು ವರ್ಷಗಳ ಕಾಲ ಇವೆರಡನ್ನೂ ಒಂದೇ ಮನೆಯ ಮಕ್ಕಳೆಂದೇ ಎಣಿಸಿದ್ದರು. ಇಂದು ನಮಗೆ ತಿಳಿದುಬಂದಿರುವ ಸಂಗತಿಯೇ ಬೇರೆ. ತಾವರೆಗೂ ನೈದಿಲೆಗೂ ಇರುವ ನಂಟು ಬಹು ದೂರದ್ದು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿರುವ ಸಿಲ್ವರ್ ಓಕ್ ಮರವು ತಾವರೆಗೆ ಅದಕ್ಕಿಂತ ಹತ್ತಿರದ ಬಂಧು. ಕೇಳಿದೊಡನೆ ನಗು ಬರುವಂಥ ಈ ಮಾತಿಗೆ ಆಧಾರವೇನು, ಅದರಲ್ಲಿ ಹೂವು ಹೇಳಿದ ಸಾಕ್ಷಿ ಎಷ್ಟು ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಗಿಡದ ಕುಲಗೋತ್ರಗಳನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೆಲವರು ಕೇಳಬಹುದು. ಔಷಧಕ್ಕೆಂದು ಗೆಡ್ಡೆಯನ್ನು ಕೀಳುವವರಿಗೆ, ಅಂಗಡಿಯಲ್ಲಿ ಬೀಜವನ್ನು ಕೊಳ್ಳುವವರಿಗೆ, ಕೆರೆಯ ಕಳೆಯನ್ನು ತೆಗೆಸಬೇಕಾದ ಊರಿನವರಿಗೆ, ಯಾವ ಗಿಡ ಯಾವುದು ಎಂಬುದು ಮೊದಲು ತಿಳಿಯಬೇಕು. ಯಾವ ಜೌಗು ನೆಲವನ್ನು ಕಾಪಾಡಬೇಕು ಎಂಬ ಪ್ರಶ್ನೆ ಬಂದಾಗಲೂ ಅಲ್ಲಿ ಏನೇನು ಬೆಳೆಯುತ್ತದೆ ಎಂಬ ಪಟ್ಟಿಯನ್ನೇ ಮುಂದಿಡಬೇಕಾಗುತ್ತದೆ. ಹೆಸರಿಲ್ಲದ ಗಿಡಕ್ಕೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಹೆಸರನ್ನು ಕೊಡಬೇಕಾದರೆ ಗಿಡದ ಯಾವ ಅಂಗವನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದೇ ಮೊದಲ ತೊಡಕು. ನೆಲದ ಗಿಡಗಳಲ್ಲಿಯೂ ಈ ತೊಡಕು ಉಂಟು. ನೀರಿನ ಗಿಡಗಳಲ್ಲಿ ಅದು ನೂರ್ಮಡಿ ಹೆಚ್ಚು.

ಇದಕ್ಕೆ ಕಾರಣ ನೀರು. ನೀರಿನಲ್ಲಿ ಬಾಳುವ ಗಿಡಕ್ಕೆ ಮರದಂಥ ಗಟ್ಟಿಯಾದ ಕಾಂಡ ಬೇಕಾಗಿಲ್ಲ. ನೀರೇ ಅದನ್ನು ಎತ್ತಿ ಹಿಡಿಯುವುದು. ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ನಾಳಗಳೂ ಹೆಚ್ಚು ಬೇಕಾಗಿಲ್ಲ. ಆದರೆ ಕೆಸರಿನಲ್ಲಿ ಗಾಳಿ ದೊರೆಯದು. ಆದುದರಿಂದ ತೊಟ್ಟಿನೊಳಗೆಲ್ಲ ಗಾಳಿಯ ಕೊಳವೆಗಳು ಇರಲೇಬೇಕು. ತೇಲುವ ಎಲೆಯ ಅಡಿಭಾಗವು ನೀರಿಗೆ ಅಂಟಿಕೊಂಡಿರುವುದರಿಂದ ಉಸಿರಾಡುವ ಪತ್ರರಂಧ್ರಗಳು ಮೇಲುಮುಖದಲ್ಲಿ ಇರಬೇಕು. ಅಲೆಯ ಹೊಡೆತಕ್ಕೆ ಹರಿದುಹೋಗದಂತೆ ಎಲೆ ದುಂಡಗೆ, ಅಂಚು ಒಡೆಯದಂತೆ ಇದ್ದರೆ ಒಳ್ಳೆಯದು. ಈ ಕಟ್ಟಳೆಗಳು ನೀರಿಗಿಳಿದ ಎಲ್ಲ ಗಿಡಗಳಿಗೂ ಒಂದೇ. ಬೇರೆ ಬೇರೆ ದೇಶಗಳಿಂದ ಬಂದವರು ಒಂದೇ ಸೈನ್ಯಕ್ಕೆ ಸೇರಿ ಒಂದೇ ಉಡುಪನ್ನು ತೊಟ್ಟರೆ ನೋಡುವವರಿಗೆ ಎಲ್ಲರೂ ಒಂದೇ ಊರಿನವರಂತೆ ಕಾಣುವರಷ್ಟೆ. ಕೆರೆಯ ಗಿಡಗಳ ಪಾಡೂ ಹಾಗೆಯೇ.

ಪೂರ್ತಿಯಾಗಿ ಮುಳುಗಿರುವ ಗಿಡಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಸೆರಟೊಫಿಲ್ಲಮ್, ಮಿರಿಯೊಫಿಲ್ಲಮ್, ಯುಟ್ರಿಕುಲೇರಿಯ, ಲಿಮ್ನೊಫಿಲ ಎಂಬ ನಾಲ್ಕು ಸಸ್ಯಗಳನ್ನು ಕೆರೆಯಿಂದ ಎತ್ತಿ ತಟ್ಟೆಯಲ್ಲಿಟ್ಟರೆ ನಾಲ್ಕೂ ಹಸುರು ದಾರದ ಗೊಂಚಲುಗಳಂತೆ ತೋರುವುವು. ಎಲೆ ಕೂದಲಿನಂತೆ ಸೀಳಿಹೋಗಿರುವುದು. ಲಿಮ್ನೊಫಿಲದಲ್ಲಿ ಹೆಟೆರೊಫಿಲ್ಲ ಎಂಬ ಪ್ರಭೇದವಂತೂ ಒಂದೇ ಕಾಂಡದಲ್ಲಿ ಎರಡು ಬಗೆಯ ಎಲೆಗಳನ್ನು ತಳೆಯುವುದು. ನೀರಿನ ಒಳಗಿನ ಎಲೆಗಳು ದಾರದಂತೆ, ನೀರಿನ ಮೇಲಕ್ಕೆ ಬಂದವು ಇಡಿಯಾದ ಅಗಲ ಎಲೆಗಳು. ಒಂದೇ ಗಿಡದ ಎಲೆಗಳೇ ಹೀಗೆ ಎರಡು ಮಾತನ್ನು ಆಡಿದರೆ ಎಲೆಯ ಮಾತನ್ನು ನಂಬುವುದು ಹೇಗೆ? ಆದರೆ ಹೂಬಿಡುವ ಕಾಲಕ್ಕೆ ಈ ನಾಲ್ಕರ ವೇಷವೂ ಕಳಚುವುದು. ಲಿಮ್ನೊಫಿಲದ ಹೂವು ಕೊಳವೆಯಂತಿದ್ದು ಎರಡು ತುಟಿಗಳುಳ್ಳದ್ದು, ಕೇಸರಗಳು ನಾಲ್ಕು. ಯುಟ್ರಿಕುಲೇರಿಯದ ಹೂವಿಗೂ ಎರಡು ತುಟಿಗಳುಂಟು; ಆದರೆ ಹಿಂದೆ ಒಂದು ಬಾಲದಂಥ ಚೀಲ, ಒಳಗೆ ಎರಡೇ ಕೇಸರ. ಮಿರಿಯೊಫಿಲ್ಲಮಿನ ಸಣ್ಣ ಹೂಗಳು ನೀರಿನ ಮೇಲೆ ತಲೆಯೆತ್ತಿ ಗಾಳಿಗೆ ಪರಾಗವನ್ನು ಕೊಡುವುವು. ಸೆರಟೊಫಿಲ್ಲಮಿನ ಹೂವಿಗೆ ಎಸಳೇ ಇಲ್ಲ. ಅದರ ಪರಾಗವು ನೀರಿನೊಳಗೇ ತೇಲಿಹೋಗಿ ಹೆಣ್ಣು ಹೂವನ್ನು ಸೇರುವುದು. ನಾಲ್ಕೂ ನಾಲ್ಕು ಬೇರೆ ಕುಟುಂಬಗಳವು.

ಹೂವು ಎಲೆಗಿಂತ ಏಕೆ ನಂಬಿಕೆಗೆ ಅರ್ಹವಾಯಿತು? ಎಲೆ ದಿನದಿನವೂ ನೀರು, ಬೆಳಕು, ಗಾಳಿಗಳೊಡನೆ ಹೋರಾಡಬೇಕಾದ ಅಂಗ. ಹೂವು ಸಂತತಿಯ ಕೆಲಸಕ್ಕಾಗಿ ಕೆಲವು ದಿನ ಮಾತ್ರ ಹೊರಬರುವ ಅಂಗ. ಅದರ ಒಳಗಿನ ಏರ್ಪಾಡಿನಲ್ಲಿ ಒಂದು ಸಣ್ಣ ಭಾಗವು ಕೆಟ್ಟರೂ ಬೀಜ ಕಟ್ಟದು. ಆದುದರಿಂದ ಅಲ್ಲಿ ಬದಲಾವಣೆಗಳು ಬಹು ನಿಧಾನವಾಗಿ ನಡೆಯುವುವು, ಪೂರ್ವಿಕರ ಮುದ್ರೆ ಬಹುಕಾಲ ಅಳಿಯದೆ ಉಳಿಯುವುದು. ಮುಂದಿನ ವಿಷಯಕ್ಕೆ ಅನುಕೂಲವಾಗುವಂತೆ ಹೂವಿನ ಭಾಗಗಳನ್ನು ಒಮ್ಮೆ ನೆನೆಯೋಣ. ಹೊರಗಡೆ ಹಸುರಾದ ಪುಷ್ಪಪಾತ್ರೆ; ಅದರೊಳಗೆ ಬಣ್ಣದ ಎಸಳುಗಳು; ಅವುಗಳೊಳಗೆ ಪರಾಗವನ್ನು ಕೊಡುವ ಕೇಸರಗಳು; ನಟ್ಟನಡುವೆ ಬೀಜವಾಗತಕ್ಕ ಅಂಡಕಗಳನ್ನು ಮುಚ್ಚಿಟ್ಟುಕೊಂಡಿರುವ ಗೂಡುಗಳು. ಈ ಗೂಡಿಗೆ ಶಾಸ್ತ್ರದಲ್ಲಿ ಕಾರ್ಪೆಲ್ ಎಂದು ಹೆಸರು. ನಾವು ಬೀಜಗೂಡು ಎಂದು ಕರೆಯೋಣ. ಹಲವು ಬೀಜಗೂಡುಗಳು ಬೆಸೆದುಕೊಂಡರೆ ಕಿತ್ತಳೆಯ ತೊಳೆಗಳಂತೆ ಒಂದೇ ಅಂಡಾಶಯವಾಗುವುದು. ಬೆಸೆಯದಿದ್ದರೆ ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುವುದು.

ಎಲೆಯನ್ನು ನೋಡಿ ಹೆಸರಿಟ್ಟರೆ ಏನಾಗುವುದೆಂಬುದಕ್ಕೆ ನೆರೆಯ ಮಲೆಯಾಳದಲ್ಲಿ ಒಳ್ಳೆಯ ಉದಾಹರಣೆಯುಂಟು. ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥದ ಹನ್ನೊಂದನೆಯ ಸಂಪುಟದಲ್ಲಿ ನೈದಿಲೆಯ ಚಿತ್ರವು ‘ಆಂಬಲ್’ ಎಂಬ ಹೆಸರಿನಿಂದ ಬಂದಿದೆ. ಅದರ ಜೊತೆಗೆ ‘ನೆಯ್ದಲ್ ಆಂಬಲ್’ ಎಂಬ ಮತ್ತೊಂದು ಗಿಡವಿದೆ. ನೆಯ್ದಲ್ ಎಂಬುದು ನಮ್ಮ ನೈದಿಲೆಯ ಒಡಹುಟ್ಟಿದ ಶಬ್ದವೆಂದು ಯಾರಿಗಾದರೂ ಹೊಳೆಯುವುದು. ಈ ಎರಡನೆಯ ಗಿಡವು ನೈದಿಲೆಯಂತೆಯೇ ದುಂಡಗಿನ, ಒಂದು ಕಡೆ ಸೀಳಿರುವ ಎಲೆಯನ್ನು ನೀರಿನ ಮೇಲೆ ತೇಲಬಿಡುವುದು. ಶಾಸ್ತ್ರದ ಹೆಸರು ನಿಂಫಾಯ್ಡೀಸ್ ಇಂಡಿಕ. ನೈದಿಲೆಯನ್ನು ಹೋಲುವುದು ಎಂಬುದೇ ಆ ಕುಲನಾಮದ ಅರ್ಥ. ಆದರೆ ಅದರ ಚಿಕ್ಕ ಬಿಳಿಯ ಹೂವನ್ನು ಕೈಗೆ ತೆಗೆದುಕೊಂಡರೆ ಎಸಳುಗಳು ಐದೇ, ಅವೂ ಬುಡದಲ್ಲಿ ಒಂದಕ್ಕೊಂದು ಬೆಸೆದು ಕೊಳವೆಯಾಗಿರುವುವು; ಅಂಚಿನಲ್ಲೆಲ್ಲ ಜಾಲರಿಯ ಕುಚ್ಚು; ಕೇಸರಗಳೂ ಐದು, ಕೊಳವೆಯ ಗೋಡೆಗೇ ಅಂಟಿಕೊಂಡಿರುವುವು. ನೈದಿಲೆಯಲ್ಲಿ ಇವು ಯಾವುವೂ ಇಲ್ಲ. ಲಿನೇಯಸನು ೧೭೫೩ರಲ್ಲೇ ಇದನ್ನು ನೈದಿಲೆಯಿಂದ ದೂರ ಮೆನ್ಯಾಂತೀಸ್ ಎಂಬ ಕುಲದಲ್ಲಿಟ್ಟನು. ಇಂದು ಅದು ಸೂರ್ಯಕಾಂತಿಯ ಕುಟುಂಬವೂ ಸೇರಿರುವ ಗಣದಲ್ಲಿ ಎಣಿಕೆಯಾಗುತ್ತದೆ.

ಅಂತರಗಂಗೆಯ ಸಂಗತಿಯೂ ಇದೇ ರೀತಿಯದು. ನೀರಿನ ಮೇಲೆ ಕೋಸುಗೆಡ್ಡೆಯ ಸಸಿಯಂತೆ ಎಲೆಗಳನ್ನು ಬಿಡಿಸಿಕೊಂಡು ತೇಲುವ ಈ ಗಿಡಕ್ಕೆ ಹೂವೇ ಇಲ್ಲವೆಂದು ಅನೇಕರ ನಂಬಿಕೆ. ಎಲೆಗಳ ಸಂದಿನಲ್ಲಿ ಹುಡುಕಿದರೆ ಬಿಳಿಯ ಸಣ್ಣದೊಂದು ದೊನ್ನೆ ಕಾಣುವುದು. ಅದರೊಳಗೆ ಒಂದು ಕಡ್ಡಿ, ಕಡ್ಡಿಯ ಕೆಳಗೆ ಒಂದೇ ಹೆಣ್ಣು ಹೂವು, ಮೇಲೆ ಕೆಲವು ಗಂಡು ಹೂವುಗಳು. ದೊನ್ನೆ ಮತ್ತು ಕಡ್ಡಿ ಎಂಬ ಈ ಏರ್ಪಾಡು ನಮ್ಮ ಹಿತ್ತಿಲ ಕೆಸುವಿನಲ್ಲಿಯೂ ಸುವರ್ಣಗೆಡ್ಡೆಯಲ್ಲಿಯೂ ಇರುವುದೇ. ಅಂತರಗಂಗೆ ನೀರಿಗಿಳಿದ ಕೆಸುವಿನ ಬಂಧು ಎಂದು ಹೂವೊಂದೇ ಸಾರಿ ಹೇಳುವುದು.

ಇಲ್ಲಿಯವರೆಗೆ ಹೂವನ್ನು ಹೊರಗಿನಿಂದ ನೋಡಿದರೆ ಸಾಕಾಯಿತು. ತಾವರೆ ನೈದಿಲೆಗಳ ವಿಷಯದಲ್ಲಿ ಹಾಗೆ ಸಾಲದು. ಏಕೆಂದರೆ ಅಲ್ಲಿ ಹೂವಿನ ಹೊರರೂಪವೂ ಮೋಸಮಾಡಿತು. ಲಿನೇಯಸನ ಪದ್ಧತಿಯಲ್ಲಿ ಕೇಸರಗಳ ಎಣಿಕೆಯೇ ಮುಖ್ಯ. ತಾವರೆಯಲ್ಲಿಯೂ ನೈದಿಲೆಯಲ್ಲಿಯೂ ಎಸಳು ಹಲವು, ಕೇಸರ ಬಹಳ. ಆದುದರಿಂದ ಅವನು ಎರಡನ್ನೂ ನಿಂಫೇಯ ಎಂಬ ಒಂದೇ ಕುಲಕ್ಕೆ ಸೇರಿಸಿ ತಾವರೆಗೆ ನಿಂಫೇಯ ನೆಲಂಬೊ ಎಂದು ಹೆಸರಿಟ್ಟನು. ಎಣಿಸುವುದು ಸುಲಭವಾದ ವಿದ್ಯೆ; ಆದರೆ ಎಣಿಕೆ ಒಂದಾದ ಮಾತ್ರಕ್ಕೆ ರಕ್ತಸಂಬಂಧ ಒಂದಾಗದು. ಭಾಗಗಳು ಎಷ್ಟು ಎಂಬುದಕ್ಕಿಂತ ಅವು ಎಲ್ಲಿ ಹುಟ್ಟಿವೆ, ಯಾವುದಕ್ಕೆ ಅಂಟಿವೆ, ಒಳಗೆ ಏನಿದೆ ಎಂಬುದು ಮುಖ್ಯ. ಇದನ್ನು ಕಾಣಬೇಕಾದರೆ ಹೂವನ್ನು ಕೊಯ್ಯಬೇಕು. ಅದಕ್ಕೆ ಹರಿತವಾದ ಒಂದು ಅಲಗು, ಒಂದು ಸಾಧಾರಣ ಭೂತಗನ್ನಡಿ ಇಷ್ಟಿದ್ದರೆ ಸಾಕು.

ಮೊದಲು ನೈದಿಲೆಯನ್ನು ನೆತ್ತಿಯಿಂದ ತೊಟ್ಟಿನವರೆಗೆ ಎರಡು ಹೋಳಾಗಿ ಸೀಳೋಣ. ನಡುವೆ ಬಟ್ಟಲಿನಂಥ ಅಂಡಾಶಯ. ಎಸಳುಗಳೂ ಕೇಸರಗಳೂ ಅದರ ಬುಡದಿಂದ ಹೊರಡದೆ ಅಂಡಾಶಯದ ಪಕ್ಕೆಗಳನ್ನೇ ಹತ್ತಿಕೊಂಡು ಸಾಲಾಗಿ ಹುಟ್ಟಿರುವುವು. ಒಳಗಿನ ಎಸಳುಗಳು ಕಿರಿದಾಗುತ್ತ ಬಂದು, ತುದಿಯಲ್ಲಿ ಪರಾಗಕೋಶವನ್ನು ಹೊತ್ತು, ಮೆಲ್ಲನೆ ಕೇಸರಗಳಾಗಿ ಮಾರ್ಪಡುವುವು. ಎಸಳು ಎಲ್ಲಿ ಮುಗಿಯಿತು, ಕೇಸರ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಇನ್ನೊಂದು ಹೂವನ್ನು ಅಡ್ಡಲಾಗಿ ಕೊಯ್ದರೆ ಬೀಜಗೂಡುಗಳು ಚಕ್ರದ ಅರೆಕಾಲುಗಳ ನಡುವಣ ಕೋಣೆಗಳಂತೆ ಸುತ್ತಲೂ ನಿಂತಿರುವುವು. ಒಂದೊಂದು ಕೋಣೆಯ ಗೋಡೆಯ ಮೇಲೆಲ್ಲ ಲೆಕ್ಕವಿಲ್ಲದಷ್ಟು ಅಂಡಕಗಳು ಅಂಟಿರುವುವು. ಹೂವು ಮುಗಿದ ಮೇಲೆ ಕಾಯಿ ನೀರಿನೊಳಕ್ಕೆ ಇಳಿದು ಅಲ್ಲಿಯೇ ಬಲಿತು ಒಡೆಯುವುದು.

ಈಗ ತಾವರೆ. ಇಲ್ಲಿ ನಡುವೆ ಇರುವುದು ನಮ್ಮ ಹಿರಿಯರು ಕರ್ಣಿಕೆ ಎಂದು ಕರೆದ, ತಲೆಕೆಳಗಾದ ಶಂಕುವಿನಂಥ ಮೆತ್ತನೆಯ ಪೀಠ. ಎಸಳುಗಳೂ ಕೇಸರಗಳೂ ಈ ಪೀಠದ ಅಡಿಯಲ್ಲಿ ಹುಟ್ಟಿರುವುವೇ ಹೊರತು ಅದರ ಪಕ್ಕೆಯನ್ನು ಹತ್ತುವುದಿಲ್ಲ. ಎಸಳು ಎಸಳೇ, ಕೇಸರ ಕೇಸರವೇ, ನಡುವೆ ಬೆರಕೆಯಿಲ್ಲ. ಕೇಸರದ ತುದಿಯಲ್ಲಿ ಬಿಳಿಯದೊಂದು ಸಣ್ಣ ಗದೆಯಂಥ ಮೊನೆಯುಂಟು. ಪೀಠದ ಚಪ್ಪಟೆಯಾದ ಮೇಲುಮುಖದಲ್ಲಿ ಕುಳಿಗಳಿದ್ದು, ಒಂದೊಂದು ಕುಳಿಯಲ್ಲಿಯೂ ಒಂದೊಂದು ಬೀಜಗೂಡು ಯಾವ ನೆರೆಯವನಿಗೂ ಅಂಟದೆ ಒಂಟಿಯಾಗಿ ಹುದುಗಿರುವುದು. ಒಳಗೆ ಸಾಮಾನ್ಯವಾಗಿ ಒಂದೇ ಅಂಡಕ. ಇದು ಬಲಿತಾಗ ಗೂಡಿನ ಗೋಡೆಯೇ ಕಲ್ಲಿನಂತೆ ಗಟ್ಟಿಯಾಗಿ ಬೀಜವನ್ನು ಕಾಯುವುದು. ಚೀನದ ಬತ್ತಿದ ಸರೋವರವೊಂದರ ತಳದಲ್ಲಿ ದೊರೆತ, ಸುಮಾರು ೧೩೦೦ ವರ್ಷಗಳ ಹಿಂದಿನದೆಂದು ಗೊತ್ತಾದ ತಾವರೆಯ ಬೀಜವೊಂದು ಮೊಳೆತ ಸಂಗತಿ ೧೯೯೫ರಲ್ಲಿ ಪ್ರಕಟವಾಯಿತು. ಆ ಗೋಡೆಯ ಗಟ್ಟಿತನಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಒಂದೇ ಕುಲವೆಂದು ಎಣಿಸಿದ ಎರಡು ಹೂಗಳ ಒಳಮನೆಗಳು ಹೀಗೆ ಬುಡದಿಂದಲೇ ಬೇರೆ.

ಬೀಜದ ಒಳಗನ್ನು ನೋಡಿದರೆ ಭೇದವು ಮತ್ತಷ್ಟು ತಿಳಿಯಾಗುವುದು. ಜರ್ಮನಿಯ ಗೇರ್ಟ್ನರನು ಹಣ್ಣು ಬೀಜಗಳನ್ನು ಕೊಯ್ದು ನೋಡುವುದನ್ನೇ ಜೀವನದ ಕೆಲಸವಾಗಿಟ್ಟುಕೊಂಡಿದ್ದವನು. ೧೭೮೮ರಲ್ಲಿ ಅವನು ಕೊಟ್ಟ ನೆಲಂಬೊ ನ್ಯುಸಿಫೆರ ಎಂಬ ಹೆಸರೇ ತಾವರೆಗೆ ಇಂದಿಗೂ ನಿಂತಿದೆ. ಗಟ್ಟಿ ಕಾಯನ್ನು ಹೊರುವುದು ಎಂದು ಅದರ ಅರ್ಥ. ನಾವು ಅಕ್ಕಿಯಲ್ಲಿ ತಿನ್ನುವ ಹಿಟ್ಟು ಗರ್ಭ ಕಟ್ಟಿದ ಮೇಲೆ ಮೊಳಕೆಗಾಗಿ ಹುಟ್ಟುವ ಭ್ರೂಣಾಹಾರ. ಕಡಲೆ ಅವರೆಗಳಲ್ಲಿ ಆಹಾರವು ಬೀಜದಳಗಳಲ್ಲಿರುವುದು. ತಾವರೆಯ ಬೀಜವೂ ಅವರೆಯ ಪಂಗಡದ್ದೇ: ದಪ್ಪನಾದ ಎರಡು ಬೀಜದಳಗಳು, ಅವುಗಳ ನಡುವೆ ಹಸುರಾದ ಮೊಳಕೆ. ನೈದಿಲೆಯಲ್ಲಿ ಮೂರನೆಯದೊಂದು ಬಗೆ. ಅಲ್ಲಿ ತಾಯಿಯ ಅಂಡಕದ ಅಂಗಾಂಶದಲ್ಲಿಯೇ ಹಿಟ್ಟು ತುಂಬಿಕೊಂಡಿರುವುದು. ಮೊಳಕೆ ಮೂಲೆಯಲ್ಲಿ ಅಣುವಿನಂತೆ ಕುಳಿತಿರುವುದು. ಈ ತಾಯಿಹಿಟ್ಟಿಗೆ ಪೆರಿಸ್ಪರ್ಮ್ ಎಂದು ಹೆಸರು.

ಈ ಭೇದವು ನಮ್ಮ ಅಡಿಗೆಮನೆಗೂ ಬಂದಿದೆ. ಅಂಗಡಿಗಳಲ್ಲಿ ಮಖಾನ ಎಂಬ ಬಿಳಿಯ ಅರಳನ್ನು ತಾವರೆಯ ಬೀಜವೆಂದು ಹೇಳಿ ಮಾರುವುದುಂಟು. ಅದು ತಾವರೆಯದಲ್ಲ. ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುವ, ಮೈಯೆಲ್ಲ ಮುಳ್ಳುಳ್ಳ ಯುರಿಯೇಲ್ ಫೆರಾಕ್ಸ್ ಎಂಬ ಗಿಡದ್ದು. ೨೦೨೨ರಲ್ಲಿ ಮಿಥಿಲೆಯ ಮಖಾನಕ್ಕೆ ಭೌಗೋಳಿಕ ಸೂಚಕದ ಮುದ್ರೆಯೂ ದೊರೆಯಿತು. ಈ ಗಿಡದ ಹೂವನ್ನು ಸೀಳಿದರೆ ಬೀಜಗೂಡುಗಳು ಬೆಸೆದ ಅಂಡಾಶಯವು ಎಸಳುಗಳ ಕೆಳಗೆ ಕುಳಿತಿರುವುದು ಕಾಣುವುದು. ಬೀಜದಲ್ಲಿ ತಾಯಿಹಿಟ್ಟು ತುಂಬಿರುವುದು. ಅದು ನೈದಿಲೆಯ ಕುಟುಂಬಕ್ಕೆ ಸೇರಿದ್ದೆಂದು ಇದರಿಂದ ಸ್ಥಿರಪಟ್ಟಿತು. ಬೀಜವನ್ನು ಹುರಿದು ಬಡಿದಾಗ ಜೋಳದ ಅರಳಿನಂತೆ ಉಬ್ಬಿಬರುವುದು ಆ ತಾಯಿಹಿಟ್ಟೇ. ತಾವರೆಯ ಬೀಜದಲ್ಲಿ ಅದು ಇಲ್ಲದುದರಿಂದ ಅದರಿಂದ ಇಂಥ ಅರಳು ಆಗದು. ಕೊಳ್ಳುವವರು ಒಂದನ್ನು ಕೇಳಿ ಇನ್ನೊಂದನ್ನು ತರುವ ಈ ಪ್ರಸಂಗಕ್ಕೆ ಮೂಲವು ಎರಡು ಹೂಗಳನ್ನು ಹೊರಗಿನಿಂದ ಒಂದೆಂದು ತಿಳಿದುದೇ ಆಗಿದೆ.

ಪರಾಗದ ಕಣವು ಇದಕ್ಕಿಂತ ದೊಡ್ಡ ಸಾಕ್ಷಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಾವರೆಯ ಪರಾಗಕಣದ ಮೈಮೇಲೆ ಮೂರು ಸೀಳುಗೆರೆಗಳಿರುವುವು. ಅವರೆ, ಬೇವು, ಸಾಸಿವೆ ಮೊದಲಾದ ನಿಜವಾದ ದ್ವಿದಳ ಸಸ್ಯಗಳ ಮಹಾಸಮೂಹಕ್ಕೆ ಮೂಲದಿಂದ ಬಂದ ಲಕ್ಷಣವಿದು. ನೈದಿಲೆಯ ಪರಾಗದಲ್ಲಿ ಕಣವನ್ನು ಉಂಗುರದಂತೆ ಸುತ್ತಿದ ಒಂದೇ ಸೀಳುಂಟು. ಇಷ್ಟು ಸೂಕ್ಷ್ಮವಾದ ಕಣದ ಮೇಲಿನ ಗೆರೆಗೆ ಅಷ್ಟು ಬೆಲೆಯೇಕೆ ಎಂದರೆ, ಕೆರೆಯ ನೀರಿಗಾಗಲಿ ಹೂವಿಗೆ ಬರುವ ಹುಳುವಿನ ಕಣ್ಣಿಗಾಗಲಿ ಈ ಗೆರೆ ಗೋಚರವಲ್ಲ. ಅವರ ಒತ್ತಾಯಕ್ಕೆ ಅದು ಬದಲಾಗಬೇಕಾದ ಕಾರಣವಿಲ್ಲ.

ಹಾಗಾದರೆ ಹೊರಗಿನ ಹೋಲಿಕೆ ಎಲ್ಲಿಂದ ಬಂದಿತು? ಅಗಲವಾಗಿ ತೆರೆದ ಬಟ್ಟಲು, ಹಲವು ಎಸಳುಗಳು, ರಾಶಿ ಕೇಸರಗಳು, ಇವೆಲ್ಲ ಜೀರುಂಡೆ ಜೇನುಹುಳುಗಳಂಥ ಅತಿಥಿಗಳಿಗಾಗಿ ಮಾಡಿದ ಏರ್ಪಾಡು. ತಾವರೆಯು ಈ ಅತಿಥಿಗಳಿಗೆ ಬೆಚ್ಚಗಿನ ಮನೆಯನ್ನೂ ಕೊಡುವುದು. ಹೊರಗಿನ ಗಾಳಿ ೧೦ ಡಿಗ್ರಿ ಸೆಂಟಿಗ್ರೇಡಿಗೆ ಇಳಿದಾಗಲೂ ಹೂವಿನ ಒಳಗು ೩೦ರಿಂದ ೩೬ ಡಿಗ್ರಿಗಳಷ್ಟು ಬೆಚ್ಚಗಿರುವುದೆಂದು ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಅಳೆದು ನೋಡಿದವರು ೧೯೯೬ರಲ್ಲಿ ಪ್ರಕಟಿಸಿದರು. ಆ ಶಾಖವನ್ನು ಮುಖ್ಯವಾಗಿ ಕೊಡುವುದು ಕರ್ಣಿಕೆ. ಬೇರೆ ಬೇರೆ ಮನೆಗಳವರು ಒಂದೇ ಬಗೆಯ ಅತಿಥಿಗಾಗಿ ಒಂದೇ ಬಗೆಯ ಚಪ್ಪರವನ್ನು ಹಾಕಿದಂತೆ ಇದು. ನೀರು ಎಲೆಗಳನ್ನು ಒಂದೇ ಮಾಡಿತು. ಅತಿಥಿಗಳು ಎಸಳುಗಳನ್ನು ಒಂದೇ ಮಾಡಿದರು. ಅಂಡಾಶಯ, ಅಂಡಕ, ಪರಾಗಗಳನ್ನು ಮುಟ್ಟುವ ಶಕ್ತಿ ಇಬ್ಬರಿಗೂ ಅಷ್ಟಾಗಿ ಇರಲಿಲ್ಲ.

ಇಷ್ಟಾದರೂ ಪಂಡಿತರಲ್ಲಿ ಒಮ್ಮತ ಬರಲು ಬಹುಕಾಲ ಹಿಡಿಯಿತು. ೧೮೭೨ರಲ್ಲಿ ಪ್ರಾರಂಭವಾದ ಹೂಕರನ ‘ಫ್ಲೋರ ಆಫ್ ಬ್ರಿಟಿಷ್ ಇಂಡಿಯ’ದಲ್ಲಿ ತಾವರೆಯು ನೈದಿಲೆಯ ಕುಟುಂಬದಲ್ಲಿಯೇ ಇತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹೂವಿನ ಅಂಗರಚನೆಯನ್ನು ಕುರಿತ ಸಂಶೋಧನೆಗೆ ಹೊಸ ಹುರುಪು ಬಂದಿತು. ‘ಹಸುರು ಹೊನ್ನು’ ಎಂಬ ಪುಸ್ತಕದಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದ ಡಾಕ್ಟರ್ ಬಿ. ಜಿ. ಎಲ್. ಸ್ವಾಮಿಯವರು ಅಮೆರಿಕದ ಬೈಲಿಯವರೊಡನೆ ೧೯೫೧ರಲ್ಲಿ ಪ್ರಕಟಿಸಿದ ಲೇಖನವು ಬೀಜಗೂಡನ್ನೇ ಕುರಿತದ್ದು. ನಡುನರದ ಉದ್ದಕ್ಕೂ ಮಡಿಸಿದ ಎಲೆಯಂತೆ ಇರುವ, ಅಂಚುಗಳು ಇನ್ನೂ ಪೂರ್ತಿಯಾಗಿ ಮುಚ್ಚದ ಬೀಜಗೂಡುಗಳನ್ನು ಕೆಲವು ಪ್ರಾಚೀನ ವೃಕ್ಷಗಳಲ್ಲಿ ತೋರಿಸಿ, ಅದು ಮುಂದೆ ಹೇಗೆ ಮಾರ್ಪಟ್ಟಿತೆಂಬುದನ್ನು ಅವರು ವಿವರಿಸಿದರು. ಲೀ ಎಂಬ ವಿದ್ವಾಂಸರು ೧೯೫೫ರಲ್ಲಿ ನೈದಿಲೆಯ ಹಳೆಯ ಕುಟುಂಬವನ್ನು ಒಡೆದು ತಾವರೆಯನ್ನು ಬೇರೆಯಿಟ್ಟರು. ಮೋಸ್ಲಿಯವರು ೧೯೫೮ರಿಂದ ಮುಂದಕ್ಕೆ ಈ ಹೂಗಳ ಒಳನಾಳಗಳನ್ನು ಒಂದೊಂದಾಗಿ ಅನುಸರಿಸಿ ಬರೆದರು. ಆದರೂ ೧೯೮೧ರಲ್ಲಿ ಕ್ರಾನ್‌ಕ್ವಿಸ್ಟರು ತಾವರೆಗೆ ಬೇರೆ ಕುಟುಂಬವನ್ನು ಕೊಟ್ಟರೂ ನೈದಿಲೆಯ ಗಣದಿಂದ ಅದನ್ನು ಹೊರಗೆ ಕಳುಹಿಸಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ತಾವರೆಯು ನೈದಿಲೆಯ ಮನೆಯದಲ್ಲ ಎಂದು ಹೂವು ಸ್ಪಷ್ಟವಾಗಿ ಹೇಳಿತು. ಯಾರ ಮನೆಯದು ಎಂಬುದನ್ನು ಹೇಳಲಾರದೆ ಹೋಯಿತು. ಅದಕ್ಕೆ ಜೀವಕಣದ ಒಳಗಿನ ಲಿಪಿಯೇ ಬೇಕಾಯಿತು. ಹಸುರು ಗಿಡಗಳಿಗೆಲ್ಲ ಸಾಮಾನ್ಯವಾದ ಒಂದು ಜೀನನ್ನು ಸುಮಾರು ೫೦೦ ಸಸ್ಯಗಳಲ್ಲಿ ಓದಿ ಹೋಲಿಸಿದ ದೊಡ್ಡ ಅಧ್ಯಯನವು ೧೯೯೩ರಲ್ಲಿ ಹೊರಬಂದಾಗ, ತಾವರೆಯು ಪ್ಲೇನ್ ಮರ ಮತ್ತು ಸಿಲ್ವರ್ ಓಕಿನ ಕುಟುಂಬ ಇವೆರಡರ ಪಕ್ಕದಲ್ಲಿ ನಿಂತಿತ್ತು. ೧೯೯೮ರಲ್ಲಿ ಬಂದ ಹೊಸ ವರ್ಗೀಕರಣವು ಈ ಮೂವರನ್ನೂ ಪ್ರೋಟಿಯೇಲೀಸ್ ಎಂಬ ಒಂದೇ ಗಣಕ್ಕೆ ಸೇರಿಸಿತು; ಅದೇ ಇಂದಿಗೂ ನಿಂತಿದೆ. ಈ ಬಂಧುಗಳು ಅಗಲಿ ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಹೋಲಿಕೆ ಕಣ್ಣಿಗೆ ಕಾಣದಿರುವುದು ಆಶ್ಚರ್ಯವಲ್ಲ. ನೈದಿಲೆಯಾದರೋ ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹು ಬುಡದಲ್ಲಿಯೇ ಕವಲೊಡೆದ ಶಾಖೆ ಎಂದು ತಿಳಿದುಬಂದಿದೆ.

ಕುಟುಂಬದ ಮಾತಾಯಿತು, ಒಂದೇ ಕುಲದ ಪ್ರಭೇದಗಳನ್ನು ಬಿಡಿಸುವುದಕ್ಕೂ ಹೂವಿನ ಒಳಗೇ ಬೇಕು. ನಮ್ಮ ಕೆರೆಗಳ ನೈದಿಲೆಗಳನ್ನು ಬಣ್ಣದಿಂದ ಬೇರ್ಪಡಿಸುವುದು ವಾಡಿಕೆ. ಆದರೆ ನಿಂಫೇಯ ನೌಚಾಲಿ ಎಂಬ ಪ್ರಭೇದವೊಂದರಲ್ಲೇ ನೀಲಿಯೂ ಬಿಳಿಯೂ ನಸುಗೆಂಪೂ ಉಂಟು. ನಿಂಫೇಯ ಪ್ಯುಬೆಸೆನ್ಸ್ ಎಂಬುದರಲ್ಲಿಯೂ ಬಿಳಿ ಉಂಟು. ಬಿಳಿಯ ನೈದಿಲೆ ಎಂದರೆ ಯಾವುದು? ಕೇಸರದ ತುದಿಯನ್ನು ನೋಡಬೇಕು. ನೌಚಾಲಿಯಲ್ಲಿ ಪರಾಗಕೋಶದ ಮೇಲಕ್ಕೆ ಒಂದು ಮೊನೆ ಚಾಚಿರುವುದು. ಪ್ಯುಬೆಸೆನ್ಸಿನಲ್ಲಿ ಆ ಮೊನೆ ಇಲ್ಲ. ಅಂಡಾಶಯವನ್ನು ಅಡ್ಡಲಾಗಿ ಕೊಯ್ದರೆ ನೌಚಾಲಿಯ ಬೀಜಗೂಡುಗಳ ಪಕ್ಕದ ಗೋಡೆಗಳ ನಡುವೆ ಸಣ್ಣ ಸಂದುಗಳುಂಟು. ಪ್ಯುಬೆಸೆನ್ಸಿನಲ್ಲಿ ಗೋಡೆಗಳು ಒಂದಾಗಿ ಬೆಸೆದಿರುವುವು. ೧೯೦೫ರಲ್ಲಿ ನೈದಿಲೆಗಳ ಮೇಲೆ ದೊಡ್ಡ ಗ್ರಂಥವನ್ನು ಬರೆದ ಕೊನಾರ್ಡರು ಕುಲವನ್ನು ಮೊದಲು ಎರಡು ಭಾಗಮಾಡಿದ್ದೇ ಈ ಸಂದಿನ ಆಧಾರದ ಮೇಲೆ. ಇವಕ್ಕೆ ಒಪ್ಪುವ ಬೇರೆ ಗುರುತುಗಳೂ ಉಂಟು: ನೌಚಾಲಿ ಹಗಲಿನಲ್ಲಿ ಅರಳುವುದು, ಪ್ಯುಬೆಸೆನ್ಸ್ ರಾತ್ರಿ ಅರಳಿ ಮರುದಿನ ಹೊತ್ತೇರುವವರೆಗೆ ಇರುವುದು, ಅದರ ಎಲೆಯ ಅಡಿ ರೋಮಮಯ, ಅಂಚು ಹಲ್ಲುಹಲ್ಲು. ಚಂದ್ರನ ಗೆಳತಿಯೆಂಬ ಕವಿಯ ಮಾತು ಈ ಎರಡನೆಯದಕ್ಕೆ ಸಲ್ಲುವುದು. ನೀಲಿಯ ಕನ್ನೈದಿಲೆಗೆ ಸೂರ್ಯನೇ ಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅವಶ್ಯಕ. ಒಳಗಿನ ಲಕ್ಷಣವಾದರೂ ಒಂದನ್ನೇ ಹಿಡಿದು ತೀರ್ಪು ಕೊಡಬಾರದು. ನೈದಿಲೆಯ ಬೀಜದ ತಾಯಿಹಿಟ್ಟು ಕರಿಮೆಣಸಿನಲ್ಲಿಯೂ ಉಂಟು. ಆದರೆ ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ನೈದಿಲೆಯ ಕುಟುಂಬದ್ದಲ್ಲ. ಅಂಡಾಶಯ, ಅಂಡಕ, ಪರಾಗ, ಬೀಜ, ಇವು ಹಲವೂ ಒಂದೇ ಮಾತನ್ನು ಹೇಳಿದಾಗ ಮಾತ್ರ ನಂಬಿಕೆ ದೃಢವಾಗುವುದು.

ಹಾಗೆ ದೃಢವಾದ ನಂಬಿಕೆಯ ಫಲವಾಗಿ ಇತ್ತೀಚೆಗೆ ಒಂದು ಬಡ ಗಿಡಕ್ಕೆ ದೊಡ್ಡ ಮನೆತನ ದೊರೆಯಿತು. ಮಹಾರಾಷ್ಟ್ರದ ಕೊಂಕಣ ತೀರದಲ್ಲಿ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಮುರಕಲ್ಲಿನ ತಗ್ಗುಗಳಲ್ಲಿ, ಹುಲ್ಲಿನ ಎಳೆ ಸಸಿಯಂತೆ ಕಾಣುವ ಒಂದು ಗಿಡವುಂಟು. ಯಾದವ್ ಮತ್ತು ಜನಾರ್ದನಂ ಎಂಬ ವಿದ್ವಾಂಸರು ೧೯೯೪ರಲ್ಲಿ ಅದನ್ನು ಮೊದಲು ವರ್ಣಿಸಿ ಟ್ರಿಥುರಿಯ ಕೊಂಕಣೆನ್ಸಿಸ್ ಎಂದು ಹೆಸರಿಟ್ಟರು. ಅದರ ಕುಟುಂಬವನ್ನು ಹುಲ್ಲುಗಳ ಬಂಧುವೆಂದು ಎಲ್ಲರೂ ಎಣಿಸಿದ್ದ ಕಾಲವದು. ಈ ಕುಟುಂಬದ ಹಲವು ಪ್ರಭೇದಗಳಲ್ಲಿ ಹೂವಿನ ಏರ್ಪಾಡೇ ತಿರುವುಮುರುವು. ಬೇರೆ ಹೂಗಳಲ್ಲಿ ಬೀಜಗೂಡು ನಡುವೆ, ಕೇಸರ ಸುತ್ತಲೂ ಇದ್ದರೆ ಇವುಗಳಲ್ಲಿ ಕೇಸರ ನಡುವೆ, ಬೀಜಗೂಡುಗಳು ಸುತ್ತಲೂ. ಬೀಜದಲ್ಲಿ ತಾಯಿಹಿಟ್ಟು, ಮೂಲೆಯಲ್ಲಿ ಅಣುವಿನಂಥ ಮೊಳಕೆ. ೨೦೦೭ರಲ್ಲಿ ಜೀವಲಿಪಿಯನ್ನು ಓದಿದಾಗ ಈ ಕುಟುಂಬವು ಹುಲ್ಲಿನ ಕಡೆಯದಲ್ಲ, ನೈದಿಲೆಯ ಹತ್ತಿರದ ಬಂಧು ಎಂದು ಗೊತ್ತಾಯಿತು. ಬೀಜವು ಮೊದಲೇ ಸೂಚಿಸಿದ್ದ ಸಂಗತಿಯನ್ನು ಜೀನು ಸ್ಥಿರಪಡಿಸಿತು. ದನಗಳು ತುಳಿದುಹೋಗುವ, ಕಲ್ಲು ಕಡಿಯುವವರು ಮಣ್ಣಿನೊಡನೆ ಕೆರೆದುಹಾಕಬಹುದಾದ ಆ ಸಸಿಯಲ್ಲಿ ಹೂಬಿಡುವ ಸಸ್ಯಗಳ ಅತಿ ಪುರಾತನ ಚರಿತ್ರೆಯ ಒಂದು ಪುಟವಿದೆ.

ಇಂಥ ಪುಟಗಳು ನಮ್ಮ ಸುತ್ತಲೂ ಇನ್ನೆಷ್ಟೋ ಇರಬಹುದು. ಕರ್ನಾಟಕದಲ್ಲಿ ರಂಗನತಿಟ್ಟು ೨೦೨೨ರಲ್ಲಿಯೂ, ಮಾಗಡಿಕೆರೆ, ಅಂಕಸಮುದ್ರ, ಅಘನಾಶಿನಿಯ ಅಳಿವೆ ಇವು ೨೦೨೪ರಲ್ಲಿಯೂ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿದುವು. ಪಟ್ಟಿಗೆ ಸೇರದ ಕೆರೆಯಂಗಳಗಳೂ ಜೌಗು ಗದ್ದೆಗಳೂ ಲೆಕ್ಕವಿಲ್ಲದಷ್ಟು. ಅಲ್ಲಿನ ಗಿಡಗಳನ್ನು ಸಂಗ್ರಹಿಸುವುದರಲ್ಲಿ ಒಂದು ಕಷ್ಟವುಂಟು. ನೆಲದ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸುವಂತೆ ನೈದಿಲೆಯ ಹೂವನ್ನು ಒತ್ತಿದರೆ ಅದು ಕೊಳೆತು ಕಪ್ಪುಮುದ್ದೆಯಾಗುವುದು. ನೋಡಬೇಕಾದ ಒಳಭಾಗವೇ ಹಾಳಾಗುವುದು. ಆದುದರಿಂದ ಸಂಗ್ರಹಿಸುವವರು ಹೂವನ್ನು ಆಗಲೇ ಉದ್ದಕ್ಕೆ ಸೀಳಿ ಹರವಿ ಒಣಗಿಸಬೇಕು. ಇನ್ನೊಂದು ಹೂವನ್ನು ಮದ್ಯಸಾರದಲ್ಲಿ ಇಡಬೇಕು. ಬಣ್ಣವನ್ನೂ ಅರಳುವ ಹೊತ್ತನ್ನೂ ಅಲ್ಲಿಯೇ ಬರೆದುಕೊಳ್ಳಬೇಕು. ಕಾಯಿ ಬಲಿತಾಗ ಮತ್ತೊಮ್ಮೆ ಹೋಗಿ ಬೀಜವನ್ನು ತರಬೇಕು. ಬರಿಯ ಎಲೆಯನ್ನು ತಂದಿಟ್ಟರೆ ಅದು ಗಿಡದ ಗುರುತಿಗಿಂತ ನೀರಿನ ಗುರುತನ್ನೇ ಹೆಚ್ಚಾಗಿ ಹೇಳುವುದು.

ನಮ್ಮ ಪಾಠಶಾಲೆಗಳ ಉಪಾಧ್ಯಾಯರಲ್ಲಿ ನಾವು ಬಿನ್ನವಿಸಿಕೊಳ್ಳುವುದಿಷ್ಟೆ. ಊರ ಕೆರೆಯಲ್ಲಿ ನೈದಿಲೆ ಬಿಟ್ಟ ಕಾಲದಲ್ಲಿ ಒಂದೆರಡು ಹೂಗಳನ್ನು ತರಿಸಿ, ಒಂದನ್ನು ಉದ್ದಕ್ಕೂ ಒಂದನ್ನು ಅಡ್ಡಕ್ಕೂ ಕೊಯ್ದು, ಕಂಡುದನ್ನು ಕಂಡಂತೆ ಮಕ್ಕಳಿಂದ ಬರೆಯಿಸಬೇಕು. ಬೀಜಗೂಡುಗಳು ಎಷ್ಟು, ಅವುಗಳ ನಡುವೆ ಸಂದು ಉಂಟೇ ಇಲ್ಲವೇ, ಕೇಸರದ ತುದಿಯಲ್ಲಿ ಮೊನೆ ಉಂಟೇ ಇಲ್ಲವೇ, ಹೂವು ಅರಳಿದ್ದು ಹಗಲೋ ಇರುಳೋ ಎಂಬುದನ್ನು ಊರ ಹೆಸರಿನೊಡನೆಯೂ ತಾರೀಖಿನೊಡನೆಯೂ ಗುರುತಿಸಿಡಬೇಕು. ಕೆಲವು ವರ್ಷಗಳಲ್ಲಿ ಅದು ಆ ಕೆರೆಯ ಸಸ್ಯಗಳ ಬೆಲೆಯುಳ್ಳ ದಾಖಲೆಯಾಗುವುದು. ನಾಳೆ ಆ ಕೆರೆಯ ವಿಷಯದಲ್ಲಿ ಮಾತು ಬಂದಾಗ ಊರಿನವರ ಕೈಯಲ್ಲಿ ತೋರಿಸಲು ಏನಾದರೊಂದು ಇರುವುದು.